ಕೂಗಳತೆಯ ಹಾಡು

ಕಳೆದ ಬೇಸಿಗೆ ರಜೆಯಲ್ಲಿ ಬೆಂಗಳೂರಿನಿಂದ ಅಕ್ಕನ ಮಗ ಸಂಗನಕಲ್ಲಿಗೆ ಬಂದಿದ್ದ. ಹೊರಗೆ ಬಳ್ಳಾರಿಯ ಬಿಸಿಲು. ಮಾಡಲು ಬೇರೆ ಕೆಲಸವಿಲ್ಲದೆ ಅವನು ಪಡಸಾಲೆಯ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ನನ್ನ ಹಳೆಯ ಕಂಪ್ಯೂಟರಿಗೆ ಕೈ ಹಾಕಿದ. ಅದರಲ್ಲಿ ನಾನು ಹದಿನೈದಿಪ್ಪತ್ತು ವರ್ಷಗಳಿಂದ ಕೂಡಿಹಾಕಿದ ಹಾಡುಗಳಿದ್ದವು. ಕ್ಯಾಸೆಟ್ಟಿನಿಂದ ಇಳಿಸಿಕೊಂಡವು, ಸಿ.ಡಿ.ಯಿಂದ ತೆಗೆದವು, ಗೆಳೆಯರು ಕೊಟ್ಟವು, ಯಾರು ಕೊಟ್ಟರೆಂದು ಮರೆತೇ ಹೋದವು. ಅವನು ಕಂಪ್ಯೂಟರಿನಲ್ಲಿ ಒಂದು ತಂತ್ರಾಂಶ ಕೂರಿಸಿದ, ನಮ್ಮವ್ವನ ಫೋನಿನಲ್ಲಿ ಒಂದು ಆ್ಯಪ್ ಹಾಕಿದ, ಮನೆಯ ವೈಫೈಗೆ ಎರಡನ್ನೂ ಸೇರಿಸಿದ.

ಸಂಜೆ ಅವ್ವ ರೊಟ್ಟಿ ಬಡಿಯುತ್ತ ಕೂತಿದ್ದಳು. ಗೋಡೆಯ ಗೂಡಿನಲ್ಲಿಟ್ಟ ಫೋನಿನಿಂದ ಇದ್ದಕ್ಕಿದ್ದಂತೆ ಬೀಸುವ ಪದ ಕೇಳಿಸಿತು. ಹಿಂದೆ ಬೀಸುಕಲ್ಲಿನ ಗರಗರ ಸದ್ದು, ಮುಂದೆ ಅವಳ ತಾಯಿಯ ದನಿ. ನಮ್ಮಜ್ಜಿ ತೀರಿಕೊಂಡು ಇಪ್ಪತ್ತು ವರ್ಷದ ಮೇಲಾಯಿತು. ಅವ್ವನ ಕೈ ಹಿಟ್ಟಿನ ಮೇಲೇ ನಿಂತಿತು.

‘ಇದು ಎಲ್ಲಿಂದ ಬರ್ತೈತೆ? ನಮ್ಮವ್ವನ್ನ ಇಂಟರ್ನೆಟ್ಟಿಗೆ ಹಾಕಿಬಿಟ್ರೇನು?’ ಎಂದಳು.

‘ಇಲ್ಲಜ್ಜೀ, ಪಡಸಾಲೆಯಿಂದ ಬರ್ತೈತೆ’ ಎಂದ ಹುಡುಗ.

ಅವ್ವನ ಮಾತಿನಲ್ಲಿ ಎರಡು ಪ್ರಶ್ನೆಗಳಿದ್ದವು ಎಂದು ನನಗೆ ಆಮೇಲೆ ಹೊಳೆಯಿತು. ಹಾಡು ಎಲ್ಲಿಂದ ಬರುತ್ತದೆ ಎಂಬುದು ಒಂದು. ಅದು ಯಾರಿಗೆಲ್ಲ ಕೇಳಿಸುತ್ತದೆ ಎಂಬುದು ಇನ್ನೊಂದು. ಕೈಯಲ್ಲಿ ಹಿಡಿಯುವ ಫೋನಿಗೆ ಮನೆಯ ಹಾಡಿನ ಪೆಟ್ಟಿಗೆ ತೆರೆದುಕೊಳ್ಳುವುದು ಹೊಸ ಕಾಲದ ಸೌಕರ್ಯವೆಂದು ನಾವು ತಿಳಿದಿರುತ್ತೇವೆ. ಆದರೆ ಈ ಎರಡು ಪ್ರಶ್ನೆಗಳನ್ನು ಹಿಡಿದು ಹಿಂದಕ್ಕೆ ಹೋದರೆ ದಾರಿ ಬಹಳ ದೂರ ಹೋಗುತ್ತದೆ. ನಮ್ಮೂರಿನವನಾದ ನನಗೆ ಆ ದಾರಿಯ ಕೊನೆ ಮನೆಯ ಮಾಳಿಗೆಯಿಂದಲೇ ಕಾಣುತ್ತದೆ.

*

ಸಂಗನಕಲ್ಲಿನ ಸುತ್ತ ಇರುವ ಗುಡ್ಡಗಳು ನವಶಿಲಾಯುಗದ ಮನೆಗಳು. ಸನ್ನರಾಚಮ್ಮನ ಗುಡ್ಡದಲ್ಲಿ 1940ರ ದಶಕದಲ್ಲಿ ಬಿ. ಸುಬ್ಬರಾವ್ ಅಗೆದರು. 1964-65ರಲ್ಲಿ ಅನ್ಸಾರಿ ಮತ್ತು ಎಂ.ಎಸ್. ನಾಗರಾಜರಾವ್ ಮತ್ತೆ ಅಗೆದರು. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಇಲ್ಲಿ ದನ ಸಾಕಿ, ಧಾನ್ಯ ಬೆಳೆದು, ಕಲ್ಲಿನ ಕೊಡಲಿ ಮಾಡುತ್ತಿದ್ದ ಜನರಿದ್ದರು. ಪಕ್ಕದ ಕಪ್ಪಗಲ್ಲಿನ ಹಿರೇಗುಡ್ಡದಲ್ಲಂತೂ ಕೊಡಲಿ ತಯಾರಿಸುವ ಕಾರ್ಖಾನೆಯೇ ಇತ್ತು. ಗ್ರಾನೈಟಿನ ಗುಡ್ಡವನ್ನು ಸೀಳಿಕೊಂಡು ಹೋಗುವ ಕಪ್ಪು ಡಾಲರೈಟ್ ಕಲ್ಲಿನ ಪಟ್ಟೆಯೇ ಅದಕ್ಕೆ ಕಚ್ಚಾಮಾಲು.

ಆ ಕಪ್ಪು ಕಲ್ಲುಗಳ ಮೇಲೆ ಚಿತ್ರಗಳಿವೆ. ಬಣ್ಣದವಲ್ಲ, ಕಲ್ಲಿನಿಂದ ಕಲ್ಲನ್ನು ಕುಟ್ಟಿ ಮೂಡಿಸಿದವು. ಹೆಚ್ಚಿನವು ಉದ್ದ ಕೊಂಬಿನ, ಡುಬ್ಬದ ದನಗಳು. ನಡುನಡುವೆ ಮನುಷ್ಯರು. 1892ರಲ್ಲಿ ಎಫ್. ಫಾಸೆಟ್ ಎಂಬ ಬ್ರಿಟಿಷ್ ಅಧಿಕಾರಿ ಇವುಗಳ ಬಗ್ಗೆ ‘ಏಷ್ಯಾಟಿಕ್ ಕ್ವಾರ್ಟರ್ಲಿ ರಿವ್ಯೂ’ ಪತ್ರಿಕೆಯಲ್ಲಿ ಬರೆದ. ಆಮೇಲೆ ಹುಡುಕಿ ಬಂದ ವಿದ್ವಾಂಸರಿಗೆ ಜಾಗ ಸಿಗಲಿಲ್ಲ. ಅವರ ಪಾಲಿಗೆ ಉಳಿದದ್ದು ಲಂಡನ್ನಿನಲ್ಲಿದ್ದ ಕೆಲವು ಮಸುಕಾದ ಫೋಟೋಗಳು ಮಾತ್ರ. ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಧಾರವಾಡದ ಪ್ರೊ. ರವಿ ಕೊರಿಶೆಟ್ಟರ್ ಅವರ ಜೊತೆ ಕೆಲಸ ಮಾಡುತ್ತಿದ್ದ ತಂಡ ಅದನ್ನು ಮತ್ತೆ ಗುರುತಿಸಿತು. ಕೇಂಬ್ರಿಜ್‌ನಲ್ಲಿದ್ದ ನಿಕೋಲ್ ಬೊವಾನ್ 2004ರಲ್ಲಿ ‘ಆ್ಯಂಟಿಕ್ವಿಟಿ’ ಪತ್ರಿಕೆಯಲ್ಲಿ ಅದರ ಬಗ್ಗೆ ವಿವರವಾಗಿ ಬರೆದರು. ಅವರು ಗಮನಿಸಿದ ಮುಖ್ಯ ಸಂಗತಿ ಚಿತ್ರವಲ್ಲ, ಸದ್ದು. ಅಲ್ಲಿನ ಕೆಲವು ಬಂಡೆಗಳಲ್ಲಿ ಬಡಿದು ಬಡಿದು ಸವೆದ ಕುಳಿಗಳಿದ್ದವು. ಆ ಜಾಗದಲ್ಲಿ ಇನ್ನೊಂದು ಕಲ್ಲಿನಿಂದ ಬಡಿದರೆ ಜಾಗಟೆ ಹೊಡೆದಂತೆ ದೊಡ್ಡ ನಾದ ಹೊರಡುತ್ತಿತ್ತು.

ಕಲ್ಲು ಹಾಡುವುದರಲ್ಲಿ ಪವಾಡವಿಲ್ಲ. ಒಡಕಿಲ್ಲದ ಗಟ್ಟಿ ಬಂಡೆ ಕೆಳಗಿನ ಕಲ್ಲುಗಳ ಮೇಲೆ ಎರಡು ಮೂರು ಕಡೆ ಮಾತ್ರ ತಾಗಿ ಕೂತಿದ್ದರೆ, ಬಡಿದಾಗ ಹುಟ್ಟುವ ಕಂಪನ ನೆಲಕ್ಕೆ ಇಂಗಿ ಹೋಗುವುದಿಲ್ಲ. ಅದು ಬಂಡೆಯಲ್ಲೇ ಸುತ್ತಿ ಗಾಳಿಗೆ ಬರುತ್ತದೆ. ತೂಗುಹಾಕಿದ ಗಂಟೆ ಮೊಳಗುವುದಕ್ಕೂ, ಅದನ್ನೇ ನೆಲಕ್ಕಿಟ್ಟರೆ ಮೂಕವಾಗುವುದಕ್ಕೂ ಇರುವ ಕಾರಣ ಇದೇ. ಅದಕ್ಕೇ ಆ ಬಂಡೆಯನ್ನು ಅಲ್ಲಿಂದ ಎತ್ತಿ ಬೇರೆ ಕಡೆ ಇಟ್ಟರೆ ಅದೇ ನಾದ ಬರುತ್ತದೆಂದು ಹೇಳಲಾಗುವುದಿಲ್ಲ. ಹಾಡು ಕಲ್ಲಿನಲ್ಲಷ್ಟೇ ಇಲ್ಲ, ಕಲ್ಲು ಕೂತ ಜಾಗದಲ್ಲೂ ಇದೆ.

ಯಾರು ಬಡಿಯುತ್ತಿದ್ದರು, ಏಕೆ ಬಡಿಯುತ್ತಿದ್ದರು ಎಂಬುದಕ್ಕೆ ಬರಹದ ಸಾಕ್ಷ್ಯವಿಲ್ಲ. ಆಚರಣೆಯ ಭಾಗವಾಗಿರಬಹುದು ಎಂದು ಸಂಶೋಧಕರು ಊಹಿಸುತ್ತಾರೆ. ನನಗೆ ತಿಳಿಯುವುದು ಇಷ್ಟು: ಅದು ಎಲ್ಲರಿಗೂ ಸೇರಿದ ವಾದ್ಯ. ಮನೆಗೆ ಒಯ್ಯುವಂತಿಲ್ಲ, ಪೆಟ್ಟಿಗೆಯಲ್ಲಿ ಬೀಗ ಹಾಕುವಂತಿಲ್ಲ. ಸದ್ದು ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗಿನವರೆಲ್ಲ ಕೇಳುಗರು. ಕನ್ನಡದಲ್ಲಿ ಇದಕ್ಕೊಂದು ಒಳ್ಳೆಯ ಮಾತಿದೆ, ಕೂಗಳತೆ. ಗಜ, ಹರದಾರಿ, ಮೈಲಿಗಳಿಗೆ ಸೇರದ ಅಳತೆ ಅದು. ಮನುಷ್ಯರು ಒಬ್ಬರಿಗೊಬ್ಬರು ಕೇಳಿಸುವಷ್ಟು ದೂರ.

ಹೊಸಪೇಟೆಯ ಪಕ್ಕ ಹಂಪಿಯಲ್ಲಿ ವಿಜಯವಿಠ್ಠಲನ ಗುಡಿಯ ಕಲ್ಲಿನ ಕಂಬಗಳೂ ಹೀಗೆ ನಾದ ಕೊಡುತ್ತವೆ. ನಾನು ಹುಡುಗನಾಗಿದ್ದಾಗ ಪ್ರವಾಸಕ್ಕೆ ಹೋದವರೆಲ್ಲ ಬಡಿದು ನೋಡುತ್ತಿದ್ದರು. ಈಗ ಮುಟ್ಟುವಂತಿಲ್ಲ. ಅದು ಸರಿಯೇ, ಬಡಿದವರ ಕೈಗೆ ಲೆಕ್ಕವಿಲ್ಲ, ಕಂಬಕ್ಕೆ ಆಯುಷ್ಯವಿದೆ. ಕಪ್ಪಗಲ್ಲಿನದು ಬೇರೆ ಆತಂಕ. ಗ್ರಾನೈಟ್ ಗಣಿಗಾರಿಕೆ ಈ ಗುಡ್ಡವನ್ನು ಕೆಡಿಸುತ್ತಿದೆ ಎಂದು 2004ರ ಆ ಬರಹವೇ ಎಚ್ಚರಿಸಿತ್ತು. ಕಲ್ಲಿನ ಕೊಡಲಿ, ಮಡಕೆಯ ಚೂರುಗಳನ್ನು ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ವಸ್ತುಸಂಗ್ರಹಾಲಯದಲ್ಲಿ ಗಾಜಿನ ಹಿಂದೆ ಇಟ್ಟಿದ್ದಾರೆ. ನಾದವನ್ನು ಹಾಗೆ ಇಡಲು ಬರುವುದಿಲ್ಲ.

*

ನಾದವನ್ನು ಇದ್ದ ಜಾಗದಿಂದ ಕಿತ್ತು ಬೇರೆಡೆಗೆ ಒಯ್ಯಬಹುದು ಎಂದು ಮನುಷ್ಯನಿಗೆ ಗೊತ್ತಾಗಿ ಇನ್ನೂ ನೂರೈವತ್ತು ವರ್ಷವಾಗಿಲ್ಲ. ಎಡಿಸನ್ ಫೋನೋಗ್ರಾಫ್ ಮಾಡಿದ್ದು 1877ರಲ್ಲಿ. ಭಾರತಕ್ಕೆ ಅದರ ವ್ಯಾಪಾರ ಗಟ್ಟಿಯಾಗಿ ಬಂದದ್ದು 1902ರಲ್ಲಿ. ಆ ವರ್ಷದ ನವೆಂಬರಿನಲ್ಲಿ ಗ್ರಾಮೊಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿಕೊಂಡ. ಅವರು ಪ್ರತಿ ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ‘ಮೈ ನೇಮ್ ಈಸ್ ಗೌಹರ್ ಜಾನ್’ ಎಂದು ಕೂಗಿ ಹೇಳುತ್ತಿದ್ದರು. ಅದು ಜಂಬವಲ್ಲ. ಮೇಣದ ಅಚ್ಚು ಜರ್ಮನಿಯ ಹ್ಯಾನೋವರಿಗೆ ಹೋಗಬೇಕು. ಅಲ್ಲಿ ತಟ್ಟೆ ಒತ್ತುವವರಿಗೆ ಹಾಡು ಯಾರದೆಂದು ಗೊತ್ತಾಗಿ ಚೀಟಿಯ ಮೇಲೆ ಸರಿಯಾಗಿ ಹೆಸರು ಬರೆಯಬೇಕು. ಹಾಡು ಹಾಡಿದವರನ್ನು ಬಿಟ್ಟು ದೂರ ಹೊರಟಾಗ ಮೊದಲು ಕಳೆದುಹೋಗುವುದು ಹೆಸರು ಎಂದು ಆಕೆಗೆ ತಿಳಿದಿತ್ತು. ಆ ಗೌಹರ್ ಜಾನ್ ಕೊನೆಯುಸಿರೆಳೆದದ್ದು ನಮ್ಮ ಮೈಸೂರಿನಲ್ಲಿ, 1930ರ ಜನವರಿಯಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿದ್ದಾಗ.

ಹೆಸರಿನ ಈ ಗೋಜು ಕನ್ನಡ ನಾಡಿನ ಗಾಯಕರಿಗೂ ಅಂಟಿತ್ತು. ಗಂಗೂಬಾಯಿ ಹಾನಗಲ್ 1930ರ ದಶಕದಲ್ಲಿ ಕೊಟ್ಟ ಮೊದಲ ತಟ್ಟೆಗಳ ಮೇಲೆ ಇದ್ದ ಹೆಸರು ‘ಗಾಂಧಾರಿ’. ಮಲ್ಲಿಕಾರ್ಜುನ ಮನ್ಸೂರರ ತಟ್ಟೆಗಳು ಬಂದದ್ದೂ ಅದೇ ದಶಕದಲ್ಲಿ. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದು ಮೂರು ನಿಮಿಷಕ್ಕೆ ಸ್ವಲ್ಪ ಮೇಲೆ. ಗಂಟೆಗಟ್ಟಲೆ ಹರಡುವ ರಾಗವನ್ನು ಆ ಮೂರು ನಿಮಿಷದೊಳಗೆ ಕೂರಿಸುವುದನ್ನು ಅವರೆಲ್ಲ ಕಲಿತುಕೊಂಡರು.

ನಮ್ಮ ಸೀಮೆಯ ಹಳ್ಳಿಗಳಲ್ಲಿ ಗ್ರಾಮೊಫೋನ್ ಇದ್ದದ್ದು ಗೌಡರ ಮನೆಯಲ್ಲೋ ಸಾಹುಕಾರರ ಮನೆಯಲ್ಲೋ. ಕೇಳಲು ಊರೇ ಕಟ್ಟೆಯ ಮೇಲೆ ಬಂದು ಕೂರುತ್ತಿತ್ತೆಂದು ಅಜ್ಜ ಹೇಳುತ್ತಿದ್ದ. ಕೂಗಳತೆ ಅಲ್ಲೂ ಇತ್ತು, ಆದರೆ ಒಂದು ಬದಲಾವಣೆಯೊಂದಿಗೆ. ಕಲ್ಲನ್ನು ಯಾರು ಬೇಕಾದರೂ ಬಡಿಯಬಹುದಾಗಿತ್ತು. ಗ್ರಾಮೊಫೋನಿನ ಕೀಲಿ ತಿರುಗಿಸುವವನು ಒಬ್ಬನೇ. ಯಾವ ತಟ್ಟೆ ಹಾಕಬೇಕು, ಯಾವಾಗ ನಿಲ್ಲಿಸಬೇಕು, ಯಾರು ಒಳಗೆ ಕೂರಬೇಕು, ಯಾರು ಅಂಗಳದಾಚೆ ನಿಲ್ಲಬೇಕು ಎಂಬುದೆಲ್ಲ ಅವನ ಮರ್ಜಿ. ಹಾಡು ಹಂಚಿಕೆಯಾಗುತ್ತಿತ್ತು, ಹಕ್ಕು ಹಂಚಿಕೆಯಾಗುತ್ತಿರಲಿಲ್ಲ.

*

ಮನೆಯೊಂದರಿಂದ ತಂತಿಯಿಲ್ಲದೆ ಹಾಡು ಹೊರಟು ಬೇರೆಯವರ ಮನೆ ತಲುಪಿದ ಪ್ರಸಿದ್ಧ ಪ್ರಸಂಗವೂ ಕನ್ನಡ ನಾಡಿನದೇ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ತಮ್ಮ ಸ್ವಂತ ಮನೆಯಲ್ಲಿ 30 ವ್ಯಾಟಿನ ಪುಟ್ಟ ಪ್ರೇಷಕವನ್ನಿಟ್ಟು ಬಾನುಲಿ ಶುರುಮಾಡಿದರು. ಅದಕ್ಕೆ ಬಂದ ಹೆಸರು ‘ಆಕಾಶವಾಣಿ’. ಮುಂದೆ ಇಡೀ ದೇಶದ ರೇಡಿಯೊ ಆ ಹೆಸರನ್ನು ತೆಗೆದುಕೊಂಡಿತು. 30 ವ್ಯಾಟ್ ಎಂದರೆ ಇಂದಿನ ಒಂದೆರಡು ಎಲ್‌ಇಡಿ ಬಲ್ಬಿನಷ್ಟು ಶಕ್ತಿ. ಮೈಸೂರಿನ ಕೆಲವು ಬೀದಿಗಳಿಗೆ ಕೇಳಿಸಿದರೆ ಅದೇ ದೊಡ್ಡದು. ಆಮೇಲೆ 250 ವ್ಯಾಟಿನ ಪ್ರೇಷಕ ಬಂತು, ಸಂಸ್ಥಾನ ಅದನ್ನು ವಹಿಸಿಕೊಂಡಿತು, 1955ರಲ್ಲಿ ನಿಲಯ ಬೆಂಗಳೂರಿಗೆ ಹೋಯಿತು.

ನಮ್ಮ ಬಳ್ಳಾರಿ ಆಗ ಮೈಸೂರಿನದಾಗಿರಲಿಲ್ಲ. 1953ರ ಅಕ್ಟೋಬರ್ 1ರವರೆಗೂ ಅದು ಮದ್ರಾಸಿಗೆ ಸೇರಿದ ಜಿಲ್ಲೆ. ಆದರೆ ರೇಡಿಯೊ ಅಲೆಗೆ ಜಿಲ್ಲೆಯ ಗಡಿ ಗೊತ್ತಿರುವುದಿಲ್ಲ. 1950ರ ಜನವರಿಯಲ್ಲಿ ಧಾರವಾಡ ನಿಲಯ ಆರಂಭವಾದ ಮೇಲೆ ಕನ್ನಡ ಹತ್ತಿರವಾಯಿತು. ಆದರೂ ಕೇಳುವುದಕ್ಕೆ ಸರ್ಕಾರದ ಲೈಸೆನ್ಸ್ ಬೇಕಿತ್ತು. ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ದುಡ್ಡು ಕಟ್ಟಿ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಳ್ಳಬೇಕಿತ್ತು. ನಮ್ಮಪ್ಪನ ಹಸಿರು ಬಟ್ಟೆ ಹೊದಿಸಿದ ರೇಡಿಯೊದ ಜೊತೆ ಆ ಪುಟ್ಟ ಪುಸ್ತಕ ಇನ್ನೂ ಟ್ರಂಕಿನಲ್ಲಿದೆ. ಹಾಡು ಎಲ್ಲಿಂದ ಬೇಕಾದರೂ ಬರುವ ಕಾಲ ಬಂದಿತ್ತು. ಆದರೆ ಯಾವ ಹಾಡು, ಎಷ್ಟು ಗಂಟೆಗೆ ಎಂಬುದನ್ನು ದೂರದಲ್ಲಿ ಕೂತ ಯಾರೋ ತೀರ್ಮಾನಿಸುತ್ತಿದ್ದರು. ನಮಗೆ ಉಳಿದದ್ದು ‘ಕೋರಿಕೆ’ಯ ಕಾರ್ಡು ಬರೆಯುವುದು.

ಕ್ಯಾಸೆಟ್ಟು ಬಂದದ್ದರಿಂದ ಈ ಲೆಕ್ಕ ತಿರುಗಿತು. ಫಿಲಿಪ್ಸ್ ಕಂಪನಿ 1963ರಲ್ಲೇ ಅದನ್ನು ಹೊರತಂದಿದ್ದರೂ ನಮ್ಮ ಊರುಗಳಿಗೆ ಅದು ಹರಡಿದ್ದು ಎಂಬತ್ತರ ದಶಕದಲ್ಲಿ. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಬಂದು ಕನ್ನಡ ಭಾವಗೀತೆಗೆ ಕ್ಯಾಸೆಟ್ಟಿನ ದಾರಿ ತೆರೆಯಿತು. ಆದರೆ ಕ್ಯಾಸೆಟ್ಟಿನ ನಿಜವಾದ ಗುಣ ಇನ್ನೊಂದಿತ್ತು. ಅದರಲ್ಲಿ ಕೆಂಪು ಗುಂಡಿ ಇತ್ತು. ಒತ್ತಿದರೆ ಯಾರ ದನಿ ಬೇಕಾದರೂ ಅದರೊಳಗೆ ಇಳಿಯುತ್ತಿತ್ತು. ಬಯಲಾಟದವರ ಪದ, ಭಜನೆ, ಜಗಳ, ಮಗುವಿನ ಅಳು ಎಲ್ಲವೂ. ನಮ್ಮ ಸೋದರಮಾವ ಟೂ ಇನ್ ಒನ್ ತಂದದ್ದೇ ಅಜ್ಜಿಯನ್ನು ಬೀಸುಕಲ್ಲಿನ ಮುಂದೆ ಕೂರಿಸಿ ಹಾಡಿಸಿದ. ‘ಜೋಳ ಹಾಕದೆ ಬೀಸಿದರೆ ಪದ ಬರಲ್ಲ’ ಎಂದು ಅಜ್ಜಿ ಒಂದು ಸೇರು ಜೋಳ ತರಿಸಿಕೊಂಡಳಂತೆ. ಆ ಗರಗರ ಸದ್ದು ಹಾಗೆ ಬಂದದ್ದು. ಯಾವ ಕಂಪನಿಯೂ ಆ ಹಾಡನ್ನು ಮುದ್ರಿಸುತ್ತಿರಲಿಲ್ಲ, ಯಾವ ನಿಲಯವೂ ಬಿತ್ತರಿಸುತ್ತಿರಲಿಲ್ಲ. ಮನೆಯ ಹಾಡು ಮನೆಯಲ್ಲೇ ಉಳಿಯುವ ದಾರಿ ಅಂದು ಮೊದಲ ಸಲ ಬಡವರಿಗೂ ಸಿಕ್ಕಿತು.

*

ಹಾಡು ಕಂಪ್ಯೂಟರಿನ ಕಡತವಾಗಲು ಎಂಪಿ3 ಬರಬೇಕಾಯಿತು. ಜರ್ಮನಿಯ ಎರ್‌ಲಾಂಗೆನ್‌ನ ಫ್ರೌನ್‌ಹೋಫರ್ ಸಂಸ್ಥೆಯವರು ಬಹಳ ವರ್ಷ ದುಡಿದು, ಮನುಷ್ಯನ ಕಿವಿಗೆ ಹೇಗೂ ಕೇಳಿಸದ ಅಂಶಗಳನ್ನು ತೆಗೆದುಹಾಕಿ ಹಾಡನ್ನು ಹತ್ತರಲ್ಲಿ ಒಂದು ಪಾಲಿಗೆ ಇಳಿಸುವ ವಿಧಾನ ಕಂಡುಕೊಂಡರು. ‘ಎಂಪಿ3’ ಎಂಬ ಬಾಲದ ಹೆಸರು ನಿಶ್ಚಯವಾದದ್ದು 1995ರ ಜುಲೈಯಲ್ಲಿ. ಆದರೆ ಗೌಹರ್ ಜಾನರ ಕಾಲದ ತೊಡಕು ಇಲ್ಲೂ ಎದುರಾಯಿತು. ಕಡತದಲ್ಲಿ ಹಾಡಿತ್ತು, ಹಾಡಿದವರ ಹೆಸರಿಗೆ ಜಾಗವಿರಲಿಲ್ಲ. 1996ರಲ್ಲಿ ಎರಿಕ್ ಕೆಂಪ್ ಎಂಬವರು ಕಡತದ ಬಾಲಕ್ಕೆ 128 ಬೈಟುಗಳ ಒಂದು ಚೀಟಿ ಅಂಟಿಸಿದರು. ಹಾಡಿನ ಹೆಸರಿಗೆ 30, ಗಾಯಕರಿಗೆ 30, ಆಲ್ಬಮ್ಮಿಗೆ 30. ಯಾವ ಬಗೆಯ ಹಾಡು ಎನ್ನಲು 80 ಬಗೆಗಳ ಪಟ್ಟಿ.

ಇಂಗ್ಲಿಷಿಗೆ 30 ಬೈಟ್ ಎಂದರೆ 30 ಅಕ್ಷರ. ಯೂನಿಕೋಡಿನಲ್ಲಿ ಸಾಮಾನ್ಯವಾಗಿ ಬರೆಯುವ ಕನ್ನಡಕ್ಕೆ ಪ್ರತಿ ಅಕ್ಷರಕ್ಕೂ, ಪ್ರತಿ ಕೊಂಬು ಗುಣಿತಕ್ಕೂ ಮೂರು ಮೂರು ಬೈಟ್ ಬೇಕು. ಬಳ್ಳಾರಿಯ ರಂಗಭೂಮಿಯನ್ನು ದಶಕಗಳ ಕಾಲ ಹಾಡಿನಿಂದ ತುಂಬಿ 2020ರಲ್ಲಿ ತೀರಿಕೊಂಡ ಸುಭದ್ರಮ್ಮ ಮನ್ಸೂರು ಅವರ ಹೆಸರು ಬರೆಯಲು 49 ಬೈಟ್ ಬೇಕಾಗುತ್ತದೆ. ಆ ಚೀಟಿಯಲ್ಲಿ ಅವರಿಗೆ ಜಾಗವೇ ಇರಲಿಲ್ಲ. ಅಲ್ಲದೆ ಆ 80 ಬಗೆಗಳ ಮೊದಲ ಪಟ್ಟಿಯಲ್ಲಿ ಜಾನಪದ ಎಂಬ ಬಗೆಯೂ ಇರಲಿಲ್ಲ. ವಿನ್ಆ್ಯಂಪ್ ಎಂಬ ತಂತ್ರಾಂಶದವರು ಪಟ್ಟಿಯನ್ನು ಬೆಳೆಸಿದಾಗ ಅದು ಒಳಗೆ ಬಂತು. ಈಗಿನ ಚೀಟಿಗಳಲ್ಲಿ ಕನ್ನಡವೂ ಹಿಡಿಸುತ್ತದೆ, ಎಷ್ಟುದ್ದದ ಹೆಸರಾದರೂ ಸರಿ. ಆದರೆ ಬರೆಯುವವರು ಬೇಕಲ್ಲ. ನಮ್ಮ ಪಡಸಾಲೆಯ ಕಂಪ್ಯೂಟರಿನಲ್ಲಿ ಅಜ್ಜಿಯ ಹಾಡು ‘ಟ್ರ್ಯಾಕ್ 07, ಅನ್‌ನೋನ್ ಆರ್ಟಿಸ್ಟ್’ ಆಗಿ ಕೂತಿತ್ತು.

ನಮ್ಮೂರಿನವರ ಕೈಗೆ ಎಂಪಿ3 ಬಂದದ್ದು ಕಂಪ್ಯೂಟರಿನಿಂದಲ್ಲ, ಮೆಮೊರಿ ಕಾರ್ಡಿನಿಂದ. ಬಳ್ಳಾರಿಯ ಬಸ್ ನಿಲ್ದಾಣದ ಸುತ್ತಿನ ಮೊಬೈಲ್ ಅಂಗಡಿಗಳಲ್ಲಿ ‘ಹಾಡು ತುಂಬಿಸಿಕೊಡಲಾಗುವುದು’ ಎಂದು ಬರೆದಿರುತ್ತಿತ್ತು. ಉಗುರಿನಷ್ಟು ಕಾರ್ಡನ್ನು ಕೊಟ್ಟರೆ ಅಂಗಡಿಯವನು ‘ಕನ್ನಡನಾ, ತೆಲುಗಾ? ಹಳೇವಾ, ಹೊಸವಾ?’ ಎಂದು ಕೇಳಿ ನೂರಾರು ಹಾಡು ಸುರಿದುಕೊಡುತ್ತಿದ್ದ. ಕಾನೂನಿನ ಕಣ್ಣಲ್ಲಿ ಅದು ಕಳವು, ಅನುಮಾನವಿಲ್ಲ. ಆದರೆ ಹೊಲಕ್ಕೆ ಹೋಗುವ ಕೂಲಿಯವನ ಕಿವಿಗೆ ತನ್ನಿಷ್ಟದ ಹಾಡನ್ನು ತನ್ನಿಷ್ಟದ ಹೊತ್ತಿಗೆ ಮೊದಲು ತಲುಪಿಸಿದ್ದೂ ಅದೇ. 2016ರಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ಆ ಬೋರ್ಡುಗಳು ಒಂದೊಂದಾಗಿ ಇಳಿದವು. ಈಗ ಲಕ್ಷಾಂತರ ಹಾಡುಗಳು ಆ್ಯಪಿನಲ್ಲಿವೆ. ಅವು ನಮ್ಮವಲ್ಲ, ಬಾಡಿಗೆಯವು. ನಾನೇ ಒಂದು ಆ್ಯಪಿನಲ್ಲಿ ಜೋಡಿಸಿಟ್ಟಿದ್ದ ಹಳೆಯ ರಂಗಗೀತೆಗಳ ಪಟ್ಟಿಯಲ್ಲಿ ಕೆಲವು ಹಾಡುಗಳು ಒಂದು ಬೆಳಿಗ್ಗೆ ಬೂದುಬಣ್ಣಕ್ಕೆ ತಿರುಗಿದ್ದವು. ಒತ್ತಿದರೆ ದನಿಯಿಲ್ಲ. ಏಕೆಂದು ಹೇಳುವವರೂ ಇಲ್ಲ.

*

ಇನ್ನು ಅಕ್ಕನ ಮಗ ಮಾಡಿದ ಕೆಲಸಕ್ಕೆ ಬರೋಣ. ಒಂದು ಯಂತ್ರದಲ್ಲಿರುವ ಹಾಡನ್ನು ನಕಲು ಮಾಡದೆ, ಅದು ಇದ್ದಲ್ಲೇ ಇರಲು ಬಿಟ್ಟು, ಇನ್ನೊಂದು ಯಂತ್ರದಲ್ಲಿ ಕೇಳುವುದು. ಇದರ ಇತಿಹಾಸವೂ ಮೂವತ್ತು ವರ್ಷಕ್ಕಿಂತ ಹಳೆಯದು. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ವಿದ್ಯಾರ್ಥಿಯಾಗಿದ್ದ ಆ್ಯಂಡ್ರೂ ಟ್ರಿಜೆಲ್ 1992ರ ಹೊತ್ತಿಗೆ ಬರೆದ, ಮುಂದೆ ‘ಸಾಂಬಾ’ ಎಂದು ಹೆಸರಾದ ತಂತ್ರಾಂಶ ಬೇರೆಬೇರೆ ಬಗೆಯ ಕಂಪ್ಯೂಟರುಗಳು ಒಂದೇ ಕಡತದ ಕೋಣೆಯನ್ನು ಹಂಚಿಕೊಳ್ಳುವಂತೆ ಮಾಡಿತು. 2001ರಲ್ಲಿ ಸ್ಲಿಮ್ ಡಿವೈಸಸ್ ಎಂಬ ಸಣ್ಣ ಕಂಪನಿ, ಕಂಪ್ಯೂಟರಿನ ಹಾಡನ್ನು ಮನೆಯ ಜಾಲದ ಮೂಲಕ ಎಳೆದು ನುಡಿಸುವ ಪೆಟ್ಟಿಗೆ ಮಾರತೊಡಗಿತು.

2003ರ ಏಪ್ರಿಲ್ 28ರಂದು ಆ್ಯಪಲ್ ಕಂಪನಿಯ ಐಟ್ಯೂನ್ಸ್ ನಾಲ್ಕನೆಯ ಆವೃತ್ತಿ ಬಂತು. ಅದರಲ್ಲಿ ನಿಮ್ಮ ಹಾಡಿನ ಸಂಗ್ರಹವನ್ನು ಬೇರೆಯವರ ಕಂಪ್ಯೂಟರಿಗೆ ಕೇಳಿಸುವ ಸೌಲಭ್ಯವಿತ್ತು. ಜನ ಅದನ್ನು ಪಕ್ಕದ ಕೋಣೆಗಷ್ಟೇ ಅಲ್ಲ, ಇಂಟರ್ನೆಟ್ಟಿನಾಚೆಯ ಅಪರಿಚಿತರಿಗೂ ತೆರೆದರು. ಒಂದು ತಿಂಗಳೂ ತುಂಬುವ ಮೊದಲೇ ಕಂಪನಿ 4.0.1 ಎಂಬ ತಿದ್ದುಪಡಿ ತಂದು, ಹಂಚಿಕೆ ಒಂದೇ ಸ್ಥಳೀಯ ಜಾಲದೊಳಗೆ ಮಾತ್ರ ಎಂದು ಕಟ್ಟುಹಾಕಿತು. ನನಗೆ ಈ ಸಂಗತಿ ಬಹಳ ಮುಖ್ಯವೆನಿಸುತ್ತದೆ. ಇಡೀ ಜಗತ್ತಿಗೆ ಕೇಳಿಸಬಲ್ಲ ಯಂತ್ರಕ್ಕೆ ಬೇಕೆಂದೇ ಮತ್ತೆ ಕೂಗಳತೆಯ ಮಿತಿ ಹಾಕಿದ ಗಳಿಗೆ ಅದು. ಹಾಡಿನ ಒಡೆಯರು ಒಪ್ಪುವುದೂ ಮನೆಯವರು ಹಂಚಿಕೊಳ್ಳುವುದೂ ಒಂದಾಗಬಹುದಾದ ಗೆರೆಯನ್ನು ಮನೆಯ ಗೋಡೆಯ ಹತ್ತಿರ ಎಳೆಯಲಾಯಿತು.

ಅದೇ 2003ರಲ್ಲಿ ಸೋನಿ, ಇಂಟೆಲ್, ಮೈಕ್ರೋಸಾಫ್ಟ್ ಮುಂತಾದ ಕಂಪನಿಗಳು ಸೇರಿ, ಯಾವ ಕಂಪನಿಯ ಯಂತ್ರವಾದರೂ ಮನೆಯೊಳಗೆ ಒಂದನ್ನೊಂದು ಗುರುತಿಸಲೆಂದು ಕೂಟ ಕಟ್ಟಿದವು. ಮುಂದೆ ಅದರ ಹೆಸರು ಡಿಎಲ್‌ಎನ್‌ಎ ಆಯಿತು. 2006ರ ಸುಮಾರಿಗೆ ನೋಕಿಯಾದ ಕೆಲವು ವೈಫೈ ಫೋನುಗಳು ಈ ಭಾಷೆ ಕಲಿತವು. 2011ರ ಮಾರ್ಚಿನಲ್ಲಿ ಐಫೋನಿಗೂ ಮನೆಯ ಕಂಪ್ಯೂಟರಿನ ಹಾಡಿನ ಕಪಾಟು ತೆರೆಯಿತು. 2017ರಲ್ಲಿ ಡಿಎಲ್‌ಎನ್‌ಎ ಕೂಟ ಮುಚ್ಚಿತು, ಅದರ ಭಾಷೆ ಉಳಿಯಿತು. ಈಗ ಇದೇ ಕೆಲಸಕ್ಕೆ ಜೆಲ್ಲಿಫಿನ್, ನ್ಯಾವಿಡ್ರೋಮ್‌ನಂಥ ಉಚಿತ ತಂತ್ರಾಂಶಗಳಿವೆ. ಹಳೆಯ ಕಂಪ್ಯೂಟರು ಸಾಕು.

ಇದು ನಡೆಯುವ ಬಗೆಯನ್ನು ಹುಡುಗ ನನಗೆ ಹೇಳಿಕೊಟ್ಟ. ಫೋನಿಗೆ ಕಂಪ್ಯೂಟರು ಎಲ್ಲಿದೆಯೆಂದು ಮೊದಲು ಗೊತ್ತಿರುವುದಿಲ್ಲ. ಅದು 239.255.255.250 ಎಂಬ ಒಂದು ವಿಶೇಷ ವಿಳಾಸಕ್ಕೆ ‘ಇಲ್ಲಿ ಹಾಡು ಇಟ್ಟುಕೊಂಡವರು ಯಾರಾದರೂ ಇದ್ದೀರಾ?’ ಎಂದು ಕೂಗುತ್ತದೆ. ಆ ವಿಳಾಸ ಒಬ್ಬರದಲ್ಲ, ಕಿವಿಗೊಟ್ಟವರೆಲ್ಲರದು. ಮನೆಯ ಟಿವಿ, ಪ್ರಿಂಟರು, ಬೇರೆ ಫೋನು ಎಲ್ಲಕ್ಕೂ ಕೂಗು ತಲುಪುತ್ತದೆ. ಹಾಡಿಲ್ಲದವು ಸುಮ್ಮನಿರುತ್ತವೆ. ಪಡಸಾಲೆಯ ಕಂಪ್ಯೂಟರು ಮಾತ್ರ ‘ನಾನಿದ್ದೇನೆ, ಇದು ನನ್ನ ವಿಳಾಸ’ ಎಂದು ಓಗೊಡುತ್ತದೆ. ಆಮೇಲಿನ ಮಾತುಕತೆ ಅವೆರಡರ ನಡುವೆ. ಕೂಗು ಎಷ್ಟು ಬಾಗಿಲು ದಾಟಬಹುದು ಎಂಬ ಅಂಕಿಯೊಂದು ಅದರ ಜೊತೆಗೇ ಇರುತ್ತದೆ. ಮನೆಯ ರೂಟರು ಸಾಮಾನ್ಯವಾಗಿ ಅದನ್ನು ಹೊಸ್ತಿಲ ಹೊರಗೆ ಬಿಡುವುದಿಲ್ಲ.

‘ಕೂಗಳತೆ ಅಂದ್ರೆ ಇದೇ ಅಲ್ವೇನೋ’ ಎಂದೆ. ಅವನು ಆ ಪದ ಕೇಳಿರಲಿಲ್ಲ.

ಮೊದಲ ದಿನ ಫೋನಿಗೆ ಕಂಪ್ಯೂಟರು ಸಿಕ್ಕಿರಲಿಲ್ಲವಂತೆ. ನೋಡಿದರೆ ಅವ್ವನ ಫೋನು ಅತಿಥಿಗಳಿಗೆಂದು ಬೇರೆ ಮಾಡಿದ್ದ ವೈಫೈಗೆ ಸೇರಿಕೊಂಡಿತ್ತು. ಅಲ್ಲಿ ಯಂತ್ರಗಳು ಒಂದರ ಕೂಗು ಇನ್ನೊಂದಕ್ಕೆ ಕೇಳಿಸದಂತೆ ರೂಟರು ತಡೆಯುತ್ತದೆ. ತನ್ನದೇ ಮನೆಯಲ್ಲಿ ಅವ್ವ ಅತಿಥಿಯಾಗಿದ್ದಳು. ಮನೆಯವರ ವೈಫೈಗೆ ಸೇರಿಸಿದ ಮೇಲೆ ಸರಿಹೋಯಿತು.

*

ಅಕ್ಕ ಬೆಂಗಳೂರಿನಿಂದ ಫೋನ್ ಮಾಡಿದಳು. ಅಜ್ಜಿಯ ಪದ ತನಗೂ ಬೇಕು, ಅಲ್ಲಿಂದಲೇ ಕೇಳುವ ಹಾಗೆ ಮಾಡಿಕೊಡಿ ಎಂದಳು. ಅದು ಕಷ್ಟವಲ್ಲ ಎಂದ ಮಗ. ರೂಟರಿನಲ್ಲಿ ಒಂದು ಕಿಂಡಿ ತೆರೆದರೆ ಅಥವಾ ಬೀಗವಿರುವ ಸುರಂಗ ಮಾಡಿದರೆ ಪಡಸಾಲೆಯ ಕಪಾಟು ಬೆಂಗಳೂರಿಗೂ ತೆರೆಯುತ್ತದೆ. ಕಿಂಡಿ ತೆರೆದರೆ ಕಳ್ಳನೂ ಬರಬಹುದು, ಸುರಂಗವೇ ವಾಸಿ ಎಂದೂ ಹೇಳಿದ. ಅವ್ವ ಎಲ್ಲವನ್ನೂ ಕೇಳಿಸಿಕೊಂಡು ಬೇಡ ಎಂದಳು.

‘ನಮ್ಮವ್ವ ಮನಿಯಾಗ ಹಾಡ್ತಿದ್ಲು. ಗಂಡಸರು ಬಂದ್ರೆ ನಿಲ್ಲಿಸಿಬಿಡ್ತಿದ್ಲು. ಕೇಳೋರು ಮನಿಗೆ ಬರ್ಲಿ’ ಎಂದಳು.

ನನಗೆ ಇದು ಹಟವೆನಿಸಲಿಲ್ಲ. ಕಾನೂನು ಅಜ್ಜಿಯ ಇಷ್ಟವನ್ನು ಕೇಳುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆ ಪ್ರಕಟವಾದ ಧ್ವನಿಮುದ್ರಣಕ್ಕೆ ಮುಂದಿನ ವರ್ಷದಿಂದ 60 ವರ್ಷ ಕಾವಲು ಕೊಡುತ್ತದೆ. ಆ ಬಳಿಕ ಅದು ಎಲ್ಲರದು. 1930ರ ದಶಕದ ಗಾಂಧಾರಿಯ ತಟ್ಟೆ ಈಗ ಹೀಗೆ ನಮ್ಮೆಲ್ಲರದೂ ಆಗಿದೆ. ಅದನ್ನು ಊರಿಗೆಲ್ಲ ಕೇಳಿಸಬೇಕು. ಆದರೆ ಬೀಸುಕಲ್ಲಿನ ಮುಂದೆ ಕೂತು ಹಾಡಿದವಳಿಗೆ ತನ್ನ ದನಿ ಎಲ್ಲಿಯವರೆಗೆ ಹೋಗುತ್ತದೆಂಬ ಅಂದಾಜಿತ್ತು. ಆ ಅಂದಾಜನ್ನು ಉಳಿಸುವುದು ಮಗಳ ಹಕ್ಕು. ಹಂಚಿಕೊಳ್ಳುವುದೆಂದರೆ ಜಗತ್ತಿಗೆಲ್ಲ ಹರಡುವುದು, ಇಲ್ಲವೇ ಟ್ರಂಕಿನಲ್ಲಿ ಮುಚ್ಚಿಡುವುದು ಎಂದು ನಾವು ತಿಳಿದಿದ್ದೇವೆ. ನಡುವೆ ಇನ್ನೊಂದು ಅಳತೆಯಿದೆ.

ಹಾಗೆಂದು ಒಂದೇ ಕಂಪ್ಯೂಟರನ್ನು ನಂಬಿ ಕೂರುವಂತಿಲ್ಲ. ಡಿಸ್ಕ್ ಒಂದು ದಿನ ಸಾಯುತ್ತದೆ. ಕಪ್ಪಗಲ್ಲಿನ ಬಂಡೆ ಮೂರು ಸಾವಿರ ವರ್ಷಕ್ಕಿಂತ ಹೆಚ್ಚು ಕಾಲ ನಾದವನ್ನು ಹೊತ್ತು ನಿಂತಿದೆ, ಕ್ಯಾಸೆಟ್ಟಿನ ಫಿಲ್ಮು ಮೂವತ್ತು ವರ್ಷಕ್ಕೇ ಅಂಟಿಕೊಳ್ಳುತ್ತದೆ, ಡಿಸ್ಕಿಗೆ ಅಷ್ಟೂ ಭರವಸೆಯಿಲ್ಲ. ಇದನ್ನು ಹೇಳಿದ ಮೇಲೆ ಅವ್ವ ಒಂದು ಪೆನ್‌ಡ್ರೈವಿಗೆ ಒಪ್ಪಿದಳು. ಅದನ್ನು ಮೊಮ್ಮಗನ ಕೈಗೆ ಕೊಟ್ಟು ‘ನಿಮ್ಮವ್ವನಿಗೆ ಕೈಯಾಗೇ ಕೊಡು’ ಎಂದಳು. ಹೀಗೆ ಅಕ್ಕನಿಗೂ ಹಾಡು ಸಿಕ್ಕಿತು, ಕೈಯಿಂದ ಕೈಗೆ.

ಹೊರಡುವ ಮುನ್ನಾದಿನ ಸಂಜೆ ಹುಡುಗ ಕಪ್ಪಗಲ್ಲಿನ ಗುಡ್ಡ ನೋಡಬೇಕೆಂದ. ದೂರದಿಂದ ತೋರಿಸಿದೆ. ಹತ್ತಿ ಒಂದು ಕಲ್ಲು ಬಡಿದು ಫೋನಿನಲ್ಲಿ ರೆಕಾರ್ಡ್ ಮಾಡೋಣ ಮಾಮ ಎಂದ. ಬೇಡವೆಂದೆ. ಚಿತ್ರಗಳ ಮೇಲೆ ಇನ್ನೊಂದು ಪೆಟ್ಟು ಬೀಳುವುದು ಬೇಡ. ಮನೆಗೆ ಬಂದು ಅವ್ವನಿಗೆ ಹೇಳಿದಾಗ ಅವಳು ನಕ್ಕಳು. ಅವಳ ತವರು ಕಪ್ಪಗಲ್ಲು.

‘ಆಡು ಮೇಯಿಸಾಕ ಹೋದಾಗ ನಾವೂ ಬಡೀತಿದ್ವಿ. ಕೆಳಗಿನ ಹೊಲದಾಗಿದ್ದ ನಮ್ಮವ್ವಗ ಕೇಳಿಸ್ತಿತ್ತು. ಕೇಳಿಸಿದ್ರೆ ಅಲ್ಲಿಂದ್ಲೇ ಕೂಗಿ ಬೈತಿದ್ಲು.’

ಹುಡುಗ ಆ ರಾತ್ರಿ ಪಡಸಾಲೆಯಲ್ಲಿ ಕೂತು ಚೀಟಿಗಳನ್ನೆಲ್ಲ ತಿದ್ದಿದ. ಅವ್ವ ಪಕ್ಕದಲ್ಲಿ ಕೂತು ಒಂದೊಂದೇ ಹಾಡು ಕೇಳಿ ಯಾರದೆಂದು ಹೇಳುತ್ತಿದ್ದಳು. ‘ಅನ್‌ನೋನ್ ಆರ್ಟಿಸ್ಟ್’ ಎಂದಿದ್ದ ಕಡೆ ಈಗ ಕನ್ನಡದಲ್ಲಿ ಅಜ್ಜಿಯ ಹೆಸರಿದೆ, ಅದರ ಮುಂದೆ ಊರು ಕಪ್ಪಗಲ್ಲು ಎಂದಿದೆ. ಕೇಳಬೇಕೆಂದರೆ ನಮ್ಮ ಮನೆಗೆ ಬನ್ನಿ. ವೈಫೈ ಗುಪ್ತಪದ ಅವ್ವನ ಹತ್ತಿರವಿದೆ.